ಮಳೆಯ ಭಯಕ್ಕೆ ಚಿಕಿತ್ಸೆ: ಕೊಡಗಿನಲ್ಲಿ ನನ್ನ ಅನುಭವ

2018ರ ಆಗಸ್ಟ್‌ನ ಭೂಕುಸಿತದಲ್ಲಿ ಮಕ್ಕಂದೂರು, ಜೋಡುಪಾಲದ ಆಸುಪಾಸಿನಲ್ಲಿ ಮನೆ, ತೋಟ ಕಳೆದುಕೊಂಡವರು ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದಾಗ ಮೊದಲು ಹೇಳಿಕೊಳ್ಳುತ್ತಿದ್ದುದು ತಲೆಭಾರ, ಎದೆಬಡಿತ, ಮೈಉರಿ, ನಿದ್ದೆಗೇಡುಗಳನ್ನು. ದುಃಖದ ಮಾತು ಬರುತ್ತಿದ್ದುದು ಆಮೇಲೆ. ಆದ್ದರಿಂದ ನಾನೂ ದೇಹದಿಂದಲೇ ಆರಂಭಿಸಿದೆ. ರಕ್ತಹೀನತೆ, ಥೈರಾಯ್ಡ್ ತಪಾಸಣೆಗೆ ವೈದ್ಯರ ಬಳಿಗೆ ಕಳುಹಿಸಿ, ಊಟ, ನಿದ್ದೆ, ಕುಡಿತದ ಬಗ್ಗೆ ವಿಚಾರಿಸಿ, ಪರಿಹಾರದ ಹಣ ಕೈಸೇರಿತೇ, ಹೊಸ ಮನೆಯ ಹಕ್ಕುಪತ್ರ ಬಂತೇ ಎಂದೂ ಕೇಳುತ್ತಿದ್ದೆ. ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುವವರ ಚಡಪಡಿಕೆಯನ್ನು ರೋಗಲಕ್ಷಣವೆಂದು ಬರೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಅಂದು ಏನಾಯಿತೆಂದು ನಾನಾಗಿ ಕೆದಕಲಿಲ್ಲ. ದುರಂತದ ಬೆನ್ನಲ್ಲೇ ಸಂತ್ರಸ್ತರಿಂದ ಎಲ್ಲವನ್ನೂ ಒಂದೇ ಬಾರಿಗೆ ಹೇಳಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪುವುದಿಲ್ಲ. ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ವಿವರಿಸಿದ, ಆಘಾತದಿಂದ ಚೇತರಿಸಿಕೊಳ್ಳುವ ಮೂರು ಹಂತಗಳಲ್ಲಿ ಮೊದಲನೆಯದು ಸುರಕ್ಷತೆ, ನೆನಪು ಮತ್ತು ಶೋಕಕ್ಕೆ ಎರಡನೆಯ ಸ್ಥಾನ. ಎಲ್ಲಿ ಕೂರಬೇಕು, ಬಾಗಿಲು ತೆರೆದಿರಬೇಕೇ, ಮಾತು ಎಲ್ಲಿಗೆ ನಿಲ್ಲಬೇಕು ಎಂಬುದನ್ನೆಲ್ಲ ಬಂದವರೇ ನಿರ್ಧರಿಸುತ್ತಿದ್ದರು. ದೇಹ, ಮನಸ್ಸು ಎರಡನ್ನೂ ಒಟ್ಟಿಗೆ ನೋಡುವ ಸಮಗ್ರ ಚಿಕಿತ್ಸೆಯೆಂದರೆ ಕಣ್ಣುಮುಚ್ಚಿ ಧ್ಯಾನ ಮಾಡಿಸುವುದೆಂಬ ನಂಬಿಕೆ ಈಗ ಎಲ್ಲೆಡೆ ಇದೆ, ಆದರೆ ಆಘಾತಕ್ಕೊಳಗಾದ ಕೆಲವರಿಗೆ ಕಣ್ಣು ಮುಚ್ಚಿದೊಡನೆ ಆ ದೃಶ್ಯವೇ ಎದುರು ನಿಲ್ಲುತ್ತದೆ. ಅಂಥವರಿಗೆ ಕಣ್ಣು ತೆರೆದೇ, ಪಾದವನ್ನು ನೆಲಕ್ಕೆ ಒತ್ತಿ, ಕಾಣುವ ವಸ್ತುಗಳ ಹೆಸರು ಹೇಳುತ್ತ ಉಸಿರನ್ನು ನಿಧಾನಿಸಲು ಕಲಿಸಿದೆ.

ನಿಜವಾದ ಕಷ್ಟವಿದ್ದುದು ಜೂನ್‌ನಲ್ಲಿ. ತಗಡಿನ ಮೇಲೆ ಮಳೆ ಬಿದ್ದೊಡನೆ ಎದ್ದು ಕೂರುವವರಿಗೆ ‘ಇನ್ನೇನೂ ಆಗದು’ ಎಂದು ಧೈರ್ಯ ಹೇಳುವಂತಿರಲಿಲ್ಲ, ಏಕೆಂದರೆ 2019ರಲ್ಲೂ 2020ರಲ್ಲೂ ಜಿಲ್ಲೆಯಲ್ಲಿ ಗುಡ್ಡಗಳು ಮತ್ತೆ ಕುಸಿದವು. ಭಯದಲ್ಲಿ ನೆನಪಿನ ಪಾಲೆಷ್ಟು, ನಿಜವಾದ ಅಪಾಯದ ಪಾಲೆಷ್ಟು ಎಂದು ಅವರೊಂದಿಗೇ ಕೂತು ಬೇರ್ಪಡಿಸಬೇಕಾಯಿತು. ಅಪಾಯದ ಪಾಲಿಗೆ ಯೋಜನೆ ಬೇಕು: ಯಾವ ಮುನ್ನೆಚ್ಚರಿಕೆ ಬಂದರೆ ಹೊರಡಬೇಕು, ಯಾವ ನೆಂಟರ ಮನೆಗೆ, ವಯಸ್ಸಾದವರನ್ನು ಕರೆದೊಯ್ಯುವವರು ಯಾರು, ದಾಖಲೆಗಳ ಚೀಲ ಎಲ್ಲಿರಬೇಕು ಎಂಬುದನ್ನು ಮನೆಮಂದಿಯೆಲ್ಲ ಮೇ ತಿಂಗಳಲ್ಲೇ ಬರೆದಿಡುವಂತೆ ಮಾಡಿದೆ. ನೆನಪಿನ ಪಾಲಿಗೆ, ಸಣ್ಣ ಮಳೆಯಲ್ಲಿ ಜಗಲಿಗೆ ಬಂದು ಕೂರುವುದರಿಂದ ಶುರುಮಾಡಿದೆವು. ಯೋಜನೆ ಕೈಯಲ್ಲಿದ್ದವರು ಜಗಲಿಗೆ ಬರಲು ಅಷ್ಟಾಗಿ ಹಿಂಜರಿಯಲಿಲ್ಲವೆಂಬುದು ನನ್ನ ಗಮನಕ್ಕೆ ಬಂತು.

ಸಾಯುವ ಯೋಚನೆ ಇರುವವರನ್ನು ತಡಮಾಡದೆ ಮನೋವೈದ್ಯರಿಗೆ ಒಪ್ಪಿಸುತ್ತೇನೆ. ಔಷಧಿ ಬೇಕಾದಲ್ಲಿ ಮಾತೊಂದೇ ಸಾಲದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಮಾನಸಿಕ ಆರೋಗ್ಯಕ್ಕಾಗಿರುವ ಸರ್ಕಾರಿ ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಈಗ ಆ ಯೋಜನೆಯ ಹಾಳೆಯಲ್ಲೇ ಬರೆಸುತ್ತೇನೆ. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್‌ವರ್ಕ್ ಸಿಕ್ಕರೆ, ದಿನದ 24 ಗಂಟೆಯೂ ಅಲ್ಲಿ ಕನ್ನಡದಲ್ಲಿ ಮಾತನಾಡಬಹುದು.