ಕಬ್ಬಿನ ಗದ್ದೆ, ಚಿರತೆ ಮತ್ತು ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳು

ನಾನು ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮೂರ ಸುತ್ತ ಕಾಡಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು, ಕಬ್ಬು, ಭತ್ತ, ನಾಲ್ಕಾರು ಆಲೆಮನೆ, ಅದರಾಚೆಗೆ ಒಂದು ಕಲ್ಲುಗುಡ್ಡ. ಆದರೂ ಚಿರತೆ ಇದೆ. ವಯಸ್ಸಾದವರು ಅದನ್ನು ಕಿರುಬ ಅಂತಾರೆ. ಕಬ್ಬು ಆಳೆತ್ತರ ಬೆಳೆದ ಮೇಲೆ ಒಳಗೆ ಏನಿದೆ ಅಂತ ಯಾರಿಗೂ ಕಾಣಲ್ಲ. ಹತ್ತು, ಹನ್ನೊಂದು ತಿಂಗಳು ಯಾರೂ ಒಳಗೆ ಹೆಚ್ಚು ಓಡಾಡುವುದೂ ಇಲ್ಲ. ಮರಿ ಹಾಕಲು ಚಿರತೆಗೆ ಅದಕ್ಕಿಂತ ಒಳ್ಳೇ ಜಾಗ ಬೇಕಾ?

ಶಾಲೆಯ ಇಕೋ ಕ್ಲಬ್ಬಿನ ಜವಾಬ್ದಾರಿ ನನ್ನ ಮೇಲೆ ಬಿದ್ದಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಜೂನ್ 5ಕ್ಕೆ ಗಿಡ ನೆಡಿಸಿದೆ. ಚಿತ್ರ ಬರೆಯುವ ಸ್ಪರ್ಧೆ ಇಟ್ಟೆ. ಹುಲಿ, ಆನೆ, ಸಿಂಹದ ಫೋಟೋ ತೋರಿಸಿ ಪಾಠ ಮಾಡಿದೆ. ಮಕ್ಕಳು ಕಣ್ಣೀರು ಸುರಿಸುವ ಭೂಮಿತಾಯಿಯ ಚಿತ್ರ ಬರೆದು ಬಹುಮಾನ ತಗೊಂಡರು. ಎರಡು ವರ್ಷ ಹೀಗೇ ಹೋಯಿತು. ಆ ಎರಡು ವರ್ಷದಲ್ಲಿ ಒಂದು ಮಗುವೂ ನನ್ನ ಹತ್ತಿರ ಬಂದು ತಾನಾಗಿ ಒಂದು ಪ್ರಶ್ನೆ ಕೇಳಲಿಲ್ಲ.

2022ರ ಕೊನೆಯಲ್ಲಿ ಪಕ್ಕದ ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ವಿದ್ಯಾರ್ಥಿಗಳೇ ಬಲಿಯಾದರು. ಆ ಸುದ್ದಿ ನಮ್ಮೂರಿಗೆ ಬಂದ ಮೇಲೆ ಎಲ್ಲ ಬದಲಾಯಿತು. ಸಂಜೆಯ ವಿಶೇಷ ತರಗತಿಗೆ ಮೊದಲು ಬರದೇ ಹೋದವರು ಹೆಣ್ಣುಮಕ್ಕಳು. ನಾಲೆ ಏರಿಯ ಮೇಲೆ ನಡೆದು ಬರಬೇಕಾದ ಒಬ್ಬ ಹುಡುಗಿಯನ್ನು ಅವರಪ್ಪ ಒಂದು ವಾರ ಶಾಲೆಗೇ ಕಳಿಸಲಿಲ್ಲ. ಆಗ ನನಗೆ ಅನ್ನಿಸಿತು, ಈ ಮಕ್ಕಳಿಗೆ ಸಿಂಹದ ಫೋಟೋ ಯಾಕೆ? ಇವರ ದಾರಿಯಲ್ಲೇ ಇರುವ ಪ್ರಾಣಿಯ ಬಗ್ಗೆ ಇವರೇ ತಿಳಿದುಕೊಳ್ಳಲಿ. ತಿಳಿದದ್ದನ್ನು ಇಟ್ಟುಕೊಂಡು ಊರಿಗೆ ಬೇಕಾದ ಒಂದು ಕೆಲಸ ಇವರೇ ಮಾಡಲಿ.

ಶುರುವಾದದ್ದು ಹೆಜ್ಜೆ ಗುರುತಿನಿಂದ. ಯಾರೋ ಗದ್ದೆ ಬದಿಯಲ್ಲಿ ಹೆಜ್ಜೆ ಕಂಡೆ ಅಂದರೆ ಸಾಕು, ಊರೆಲ್ಲ ಗಾಬರಿ. ಒಂದು ಬೆಳಗ್ಗೆ ಎಂಟು ಗಂಟೆಗೆ, ಬಿಸಿಲು ಬಂದ ಮೇಲೆ, ಹನ್ನೆರಡು ಮಕ್ಕಳನ್ನು ಕರೆದುಕೊಂಡು ಹೋದೆ. ಮನೆಯವರ ಒಪ್ಪಿಗೆ ಮೊದಲೇ ಪಡೆದಿದ್ದೆ. ಹಳೇ ರಟ್ಟಿನ ಪಟ್ಟಿಯನ್ನು ಬಳೆಯ ಹಾಗೆ ಸುತ್ತಿ ಹೆಜ್ಜೆಯ ಸುತ್ತ ಇಟ್ಟೆವು. ಪ್ಲಾಸ್ಟರ್ ಆಫ್ ಪ್ಯಾರಿಸನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ ಸುರಿದೆವು. ಅರ್ಧ ಗಂಟೆ ಕಾದು ಎತ್ತಿ, ಮಣ್ಣು ಒರೆಸಿ ನೋಡಿದರೆ ಬೆರಳುಗಳ ಮುಂದೆ ಉಗುರಿನ ಗುರುತು ಸ್ಪಷ್ಟವಾಗಿದೆ. ಚಿರತೆ ನಡೆಯುವಾಗ ಉಗುರನ್ನು ಒಳಗೆಳೆದುಕೊಂಡಿರುತ್ತದೆ. ಅದರ ಹೆಜ್ಜೆ ದುಂಡಗೆ, ಅಂಗಾಲಿನ ದಿಂಬಿನ ಹಿಂದಿನ ಅಂಚಿನಲ್ಲಿ ಮೂರು ಉಬ್ಬು. ಇದು ನಾಯಿ. ಆ ಅಚ್ಚನ್ನು ಮಕ್ಕಳು ಮನೆಮನೆಗೆ ಒಯ್ದು ತೋರಿಸಿದರು. ದೊಡ್ಡವರಿಗೆ ಗೊತ್ತಿಲ್ಲದ್ದು ತಮಗೆ ಗೊತ್ತಿದೆ ಅನ್ನುವುದು ಅವರ ನಡಿಗೆಯಲ್ಲೇ ಕಾಣುತ್ತಿತ್ತು.

ಆಮೇಲೆ ವಾದ ಶುರುವಾಯಿತು. ಬಹಳ ಮಕ್ಕಳದ್ದು ಒಂದೇ ಮಾತು: "ಸಾರ್, ಬೋನಿಟ್ಟು ಹಿಡಿದು ದೂರದ ಕಾಡಿಗೆ ಬಿಟ್ಟರಾಯ್ತು." ಅವರ ಭಯ ಸುಳ್ಳಲ್ಲ, ಅದಕ್ಕೇ ತಪ್ಪು ಅಂತ ಬೈಯಲಿಲ್ಲ. ಮಹಾರಾಷ್ಟ್ರದ ಜುನ್ನರ್‌ನಲ್ಲಿ ಏನಾಯಿತು ಅಂತ ಹೇಳಿದೆ. ಅಲ್ಲಿ 2001ರಿಂದ ಚಿರತೆಗಳನ್ನು ಹಿಡಿದು ಬೇರೆ ಕಡೆ ಬಿಡುವುದು ಜಾಸ್ತಿಯಾಯಿತು. ಅದಕ್ಕೂ ಮೊದಲು ವರ್ಷಕ್ಕೆ ಸರಾಸರಿ 4 ಇದ್ದ ಜನರ ಮೇಲಿನ ದಾಳಿ ಆಮೇಲೆ 17ಕ್ಕೆ ಏರಿತು ಅಂತ ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಮತ್ತು ಜೊತೆಯವರು ಅಧ್ಯಯನ ಮಾಡಿ ಬರೆದಿದ್ದಾರೆ. ಗೊತ್ತಿಲ್ಲದ ಊರಿನಲ್ಲಿ ಬಿಟ್ಟ ಚಿರತೆ ದಿಕ್ಕು ತಪ್ಪುತ್ತದೆ, ಇಲ್ಲಿ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಇದನ್ನು ಕೇಳಿ ಸುಮ್ಮನಾಗದೆ ಒಬ್ಬಳು ಕೇಳಿದಳು: "ಹಾಗಾದರೆ ಅದು ಊರೊಳಗೆ ಯಾಕೆ ಬರ್ತದೆ ಸಾರ್? ಅದನ್ನ ನೋಡೋಣ." ಒಂದು ವಾರ ಶಾಲೆಗೇ ಬರದಿದ್ದ ಅದೇ ನಾಲೆ ಏರಿಯ ಹುಡುಗಿ.

ಅವಳ ಪ್ರಶ್ನೆಗೆ ಉತ್ತರದ ಒಂದು ತುದಿ ಮಹಾರಾಷ್ಟ್ರದ್ದೇ ಆದ ಅಕೋಲೆಯ ಅಧ್ಯಯನದಲ್ಲಿತ್ತು. ಅದೂ ನಮ್ಮ ಹಾಗೆ ಕಬ್ಬಿನ ಸೀಮೆ. ಅಲ್ಲಿನ ಚಿರತೆಗಳ ಊಟದಲ್ಲಿ ದೊಡ್ಡ ಪಾಲು ನಾಯಿ. ಹಾಗಾದರೆ ನಮ್ಮೂರಲ್ಲಿ ನಾಯಿ ಎಲ್ಲಿವೆ? ಮೂರು ದಿನ ಬೆಳಗ್ಗೆ ಒಂದೇ ಹೊತ್ತಿಗೆ, ಇಬ್ಬಿಬ್ಬರು ಒಂದೊಂದು ಬೀದಿ ಹಂಚಿಕೊಂಡು ಎಣಿಸಿದರು. ಬಣ್ಣ, ಬಾಲ, ಹರಿದ ಕಿವಿ ಬರೆದುಕೊಂಡರು, ಒಂದನ್ನೇ ಎರಡು ಸಲ ಎಣಿಸಬಾರದಲ್ವಾ. ಹಳೇ ಕ್ಯಾಲೆಂಡರಿನ ಹಾಳೆಗಳನ್ನು ಹಿಂದುಮುಂದು ಮಾಡಿ ಅಂಟಿಸಿ ಊರಿನ ನಕ್ಷೆ ಬರೆದರು. ಕತ್ತಲಿರುವ ದಾರಿಗೆ ಕಪ್ಪು ಗೆರೆ, ಕಸದ ಗುಡ್ಡೆಗೆ ಹಸಿರು ಚೌಕ. ಒಂದು ನಾಯಿಗೆ ಒಂದು ಕೆಂಪು ಸ್ಟಿಕ್ಕರ್ ಬೊಟ್ಟು.

ಬೊಟ್ಟು ಅಂಟಿಸುತ್ತಾ ಹೋದ ಹಾಗೆ ನಾಲೆ ಏರಿಯ ತಿರುವಿನಲ್ಲಿ ಕೆಂಪು ತುಂಬಿಕೊಂಡಿತು. ಅಲ್ಲಿ ಕೋಳಿ ಅಂಗಡಿಯವರು ಪುಕ್ಕ, ಕರುಳು ತಂದು ಸುರಿಯುತ್ತಾರೆ. ಬೊಟ್ಟು ಅಂಟಿಸುತ್ತಿದ್ದ ಹುಡುಗ ನಿಂತುಬಿಟ್ಟ. ಎರಡು ಬೊಟ್ಟು ಅವನ ಹೆಬ್ಬೆರಳಿಗೇ ಅಂಟಿಕೊಂಡಿದ್ದವು. "ಸಾರ್, ಇದರಲ್ಲಿ ನಮ್ಮಂಗಡೀದೂ ಇದೆ" ಅಂದ. ಕ್ಲಾಸು ನಿಶ್ಶಬ್ದ. ನಾನು ಮಾತಾಡಬೇಕು ಅಂತ ಬಾಯಿ ತೆರೆದವನು ತಡೆದುಕೊಂಡೆ. ನಮ್ಮ ಗುಂಪಿನ ನಾಯಕತ್ವ ಹದಿನೈದು ದಿನಕ್ಕೊಮ್ಮೆ ಬದಲಾಗುತ್ತಿತ್ತು; ಆ ಸರದಿಯ ನಾಯಕಿ ಅವನನ್ನು ಕೇಳಿದಳು: "ನಿಮ್ಮ ಹಿತ್ತಲಲ್ಲಿ ಗುಂಡಿ ತೆಗೆಯೋಕೆ ಜಾಗ ಇದ್ಯಾ?" ಅವನು ಯೋಚನೆ ಮಾಡಿ, "ಇದೆ. ಅಪ್ಪನ್ನ ನಾನೇ ಕೇಳ್ತೀನಿ" ಅಂದ. ತಪ್ಪು ಯಾರದು ಅಂತ ಅವಳು ಕೇಳಲಿಲ್ಲ. ನಾನು ಬಾಯಿ ತೆರೆದಿದ್ದರೆ ಬಹುಶಃ ಅದನ್ನೇ ಕೇಳುತ್ತಿದ್ದೆ.

ಅಪ್ಪ ಒಪ್ಪಲು ಮೂರು ವಾರ ಬೇಕಾಯಿತು. ಗುಂಡಿ ತೆಗೆದರು, ದಿನಾ ಹಾಕಿದ ಮೇಲೆ ಸುಣ್ಣ, ಮಣ್ಣು ಮುಚ್ಚುತ್ತಾರೆ. ಉಳಿದ ಇಬ್ಬರು ಅಂಗಡಿಯವರು ಒಪ್ಪಲಿಲ್ಲ.

ಅಷ್ಟರಲ್ಲಿ ಮಕ್ಕಳು ತಮ್ಮ ದಾರಿಯ ವ್ಯವಸ್ಥೆ ತಾವೇ ಮಾಡಿಕೊಂಡಿದ್ದರು. ಒಂದೊಂದು ಬೀದಿಯ ಮಕ್ಕಳು ಗುಂಪಾಗಿ ಬರುವುದು, ಗುಂಪಾಗಿ ಹೋಗುವುದು. ಚಿಕ್ಕವರು ನಡುವೆ, ದೊಡ್ಡವರು ಹಿಂದೆ ಮುಂದೆ. ಕೈಯಲ್ಲಿ ಟಾರ್ಚು, ಬಾಯಲ್ಲಿ ಜೋರು ಮಾತು. ಬಗ್ಗಿ ಕೂರಬಾರದು, ಓಡಬಾರದು. ಸಂಜೆ ಯಾರು ಮನೆ ಮುಟ್ಟಿದರು ಅಂತ ಟಿಕ್ ಹಾಕಲು ಒಂದು ಪುಸ್ತಕ. ಆ ಪುಸ್ತಕ ತೋರಿಸಿದ ಮೇಲೆ ಅಪ್ಪ ಅಮ್ಮಂದಿರು ಹೆಣ್ಣುಮಕ್ಕಳನ್ನು ಸಂಜೆ ತರಗತಿಗೆ ಮತ್ತೆ ಕಳಿಸಿದರು. ನನಗೆ ಎಲ್ಲಕ್ಕಿಂತ ದೊಡ್ಡ ಸಂತೋಷ ಅದು.

2023ರ ನವೆಂಬರಿನಲ್ಲಿ, ಮಕ್ಕಳು ತಮ್ಮ ಬೇಡಿಕೆಗಳನ್ನು ಪಂಚಾಯಿತಿ ಮುಂದಿಡುವ ಮಕ್ಕಳ ಗ್ರಾಮ ಸಭೆ ನಡೆಯಿತು. ಸಾಮಾನ್ಯವಾಗಿ ಅಲ್ಲಿ ಮೇಷ್ಟ್ರು ಬರೆದುಕೊಟ್ಟಿದ್ದನ್ನು ಮಕ್ಕಳು ಓದುತ್ತಾರೆ. ನಾವು ಏನೂ ಬರೆದುಕೊಡಲಿಲ್ಲ. ಕೋಳಿ ಅಂಗಡಿಯ ಹುಡುಗನೇ ನಕ್ಷೆ ಹಿಡಿದು ನಿಂತ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಏನೋ ಕೇಳಿ ನನ್ನ ಕಡೆ ನೋಡಿದರು. ನಾನು ಹುಡುಗನ ಕಡೆ ನೋಡಿದೆ. ಅವನು ತಡವರಿಸಿದ, ಆಮೇಲೆ ಹೇಳಿದ. ಎರಡು ಕಡೆ ಬೀದಿದೀಪ ಹದಿನೈದು ದಿನದಲ್ಲಿ ಬಂತು. ಕಸದ ವಿಷಯ "ನೋಡೋಣ" ಅನ್ನುವಲ್ಲಿಗೆ ನಿಂತಿತು.

ಇನ್ನೊಂದು ದಿನದ ಮಾತು ಹೇಳಲೇಬೇಕು. ಮರುವರ್ಷ ಕಟಾವಿನ ಕಾಲ. ಬೆಳಗ್ಗೆ ಕಬ್ಬು ಕಡಿಯುವವರಿಗೆ ಸಾಲಿನ ನಡುವೆ ಎರಡು ಚಿರತೆ ಮರಿ ಸಿಕ್ಕವು. ಬೆಕ್ಕಿನ ಮರಿಯಷ್ಟೇ ಇದ್ದವು, ಕಣ್ಣು ಆಗತಾನೇ ಬಿಟ್ಟಿದ್ದವು. ನಾನು ಓಡಿಹೋಗುವಷ್ಟರಲ್ಲಿ ಐವತ್ತು ಜನ, ಎಲ್ಲರ ಕೈಯಲ್ಲೂ ಮೊಬೈಲು. ಆ ಗದ್ದೆಯವರ ಮನೆಯ ಒಂಬತ್ತನೇ ಕ್ಲಾಸಿನ ಹುಡುಗಿ ಆಗಲೇ 1926ಕ್ಕೆ, ಅರಣ್ಯ ಇಲಾಖೆಯ ಸಹಾಯವಾಣಿಗೆ, ಫೋನ್ ಮಾಡಿಸಿದ್ದಳು. ಸೆಲ್ಫಿಗೆ ಮರಿ ಎತ್ತಲು ಹೋದವರಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. "ದೊಡ್ಡಪ್ಪ, ಮುಟ್ಬ್ಯಾಡಿ. ಅವ್ವ ಇಲ್ಲೇ ಎಲ್ಲೋ ಐತೆ." "ಸುಮ್ಕಿರವ್ವ, ನಿಂಗೇನ್ ಗೊತ್ತು?" "ಮರಿ ಕಾಣ್ದೇ ಹೋದ್ರೆ ಅದು ಹುಡುಕ್ಕೊಂಡು ಊರಿಗೇ ಬತ್ತದೆ. ಆಗ ಏನ್ ಮಾಡೀರಿ?" ಆ ಮಾತಿಗೆ ದೊಡ್ಡಪ್ಪನೇ ಹಿಂದೆ ಸರಿದು, ಉಳಿದವರನ್ನೂ ಸರಿಸಿದರು. ಇಲಾಖೆಯವರು ಬಂದು ಅಷ್ಟು ಜಾಗದ ಕಟಾವು ನಿಲ್ಲಿಸಿದರು. ಮರಿಗಳನ್ನು ಸಿಕ್ಕಿದ ಜಾಗದಲ್ಲೇ ಒಂದು ಬುಟ್ಟಿಯಲ್ಲಿಟ್ಟು ಜನರನ್ನೆಲ್ಲ ಕಳಿಸಿದರು. ಮಾರನೇ ಬೆಳಗ್ಗೆ ಬುಟ್ಟಿ ಮಗುಚಿತ್ತು, ಮರಿ ಇರಲಿಲ್ಲ. ಪಕ್ಕದ ಹಸಿ ಮಣ್ಣಿನಲ್ಲಿ ಹೆಜ್ಜೆ. ಆ ಸಲ ಉಗುರಿನ ಗುರುತಿರಲಿಲ್ಲ.

ಇಂಥ ಕೆಲಸಕ್ಕೆ ಕೈ ಹಾಕುವ ಮೇಷ್ಟ್ರುಗಳಿಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮಕ್ಕಳನ್ನು ಕತ್ತಲಲ್ಲಿ, ಮಬ್ಬುಗತ್ತಲಲ್ಲಿ ಗದ್ದೆ ಕಡೆ ಕರೆದೊಯ್ಯಬೇಡಿ. ಪ್ರಾಣಿಯನ್ನು ಹಿಡಿಯುವುದು, ಓಡಿಸುವುದು ಇಲಾಖೆಯವರ ಕೆಲಸ. ಮಕ್ಕಳದ್ದು ನೋಡುವುದು, ಬರೆಯುವುದು, ಕೇಳುವುದು. ಇನ್ನು ನಾಯಕತ್ವ ಅಂದರೆ ಚೆನ್ನಾಗಿ ಮಾತಾಡುವ ಮಕ್ಕಳಿಗೇ ಕೊಡುವ ಅಭ್ಯಾಸ ನಮಗಿದೆ. ಹದಿನೈದು ದಿನಕ್ಕೊಮ್ಮೆ ಬದಲಾಯಿಸಿ, ಮೂಲೆಯಲ್ಲಿ ಕೂರುವವರ ಸರದಿಯೂ ಬರಲಿ. ಮೊದಲ ಕೆಲವು ತಿಂಗಳು ಕೆಲಸ ನಿಧಾನವಾಗುತ್ತದೆ. ಆಗಲಿ ಬಿಡಿ.

ಕೋಳಿ ತ್ಯಾಜ್ಯದ ಬಗ್ಗೆ ಈ ನವೆಂಬರಿಗೆ ಮಕ್ಕಳು ಮತ್ತೊಂದು ಅರ್ಜಿ ಬರೆದಿದ್ದಾರೆ. ಮೊನ್ನೆ ನನ್ನ ಮೇಜಿನ ಮೇಲಿಟ್ಟರು. "ಎರಡು ವರ್ಷದಿಂದ ನೋಡೋಣ ಅಂತ ಹೇಳಿದ್ದೀರಿ, ಈಗ ನೋಡಿ" ಅಂತ ಒಂದು ಸಾಲು. ಅದನ್ನು ಸ್ವಲ್ಪ ಮೆತ್ತಗೆ ಮಾಡೋಣ ಅಂತ ಪೆನ್ನು ತೆಗೆದೆ.

"ಸಾರ್, ಅದು ಹಾಗೇ ಇರಲಿ" ಅಂದರು. ಪೆನ್ನು ಮುಚ್ಚಿಟ್ಟೆ.