ಗ್ರಾನ್ ಪರಾಡಿಸೊ: ಗೈಡ್ ಜೊತೆ ಸ್ಕೀ ಕಟ್ಟಿ ಹತ್ತುವಾಗ ನಮ್ಮ ಪಾಲಿನ ಕೆಲಸ

ಪೂರ್ತಿ ಇಟಲಿಯ ಗಡಿಯೊಳಗೇ ಇರುವ ಬೆಟ್ಟಗಳಲ್ಲಿ ಗ್ರಾನ್ ಪರಾಡಿಸೊ ಎಲ್ಲಕ್ಕಿಂತ ಎತ್ತರದ್ದು, 4061 ಮೀಟರ್. 1860ರ ಸೆಪ್ಟೆಂಬರ್ 4ರಂದು ಇದರ ತುದಿ ಮೊದಲು ಮುಟ್ಟಿದವರಲ್ಲೂ ಇಬ್ಬರು ಗೈಡ್‌ಗಳಿದ್ದರು. ನಾಲ್ಕು ಸಾವಿರ ಮೀಟರ್ ದಾಟಿದ ಆಲ್ಪ್ಸ್ ಶಿಖರಗಳಲ್ಲಿ ಸ್ಕೀ ಮೇಲೆ ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇದನ್ನೇ. ಆದರೆ ‘ಸುಲಭದ ಬೆಟ್ಟ, ಗೈಡ್ ಇರುತ್ತಾರೆ’ ಎಂದುಕೊಂಡು ಬಂದವರೇ ಅಲ್ಲಿ ಹೆಚ್ಚು ಕಷ್ಟಪಡುತ್ತಾರೆ. ದಾರಿ, ಹಿಮದ ಸ್ಥಿತಿ, ವಾಪಸ್ ತಿರುಗುವ ತೀರ್ಮಾನ ಇವೆಲ್ಲ ಗೈಡ್‌ಗೆ ಬಿಟ್ಟದ್ದು. ಸ್ಕಿನ್ (ಹತ್ತುವಾಗ ಸ್ಕೀ ತಳಕ್ಕೆ ಅಂಟಿಸುವ ಪಟ್ಟಿ) ಒಣಗಿರಬೇಕು, ಕಿಕ್ ಟರ್ನ್ (ಕಡಿದಾದಲ್ಲಿ ನಿಂತಲ್ಲೇ ಸ್ಕೀಯ ದಿಕ್ಕು ಬದಲಿಸುವುದು) ಬರಬೇಕು, ನಿಂತಲ್ಲಿ ಐದು ನಿಮಿಷಕ್ಕೆ ಹೊರಡಲು ತಯಾರಾಗಬೇಕು. ಇವು ನಮ್ಮ ಕೆಲಸ, ಹಣ ಕೊಟ್ಟು ಮಾಡಿಸಿಕೊಳ್ಳಲು ಆಗುವುದಿಲ್ಲ.

ಹೊರಡುವ ಊರು ವಲ್ಸವರಾಂಶ್ ಕಣಿವೆಯ ತುದಿಯ ಪೋಂಟ್. ಅದು ಇರುವುದೇ 1960 ಮೀಟರ್‌ನಲ್ಲಿ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಮೂವತ್ತು ಮೀಟರ್ ಮೇಲೆ. ಮೊದಲ ದಿನ ಅಲ್ಲಿಂದ ಸುಮಾರು 770 ಮೀಟರ್ ಏರಿ ವಿಟ್ಟೋರಿಯೊ ಎಮಾನುಎಲೆ ಎಂಬ ರಿಫೂಜೊದಲ್ಲಿ, ಅಂದರೆ ಬೆಟ್ಟ ಹತ್ತುವವರ ತಂಗುಮನೆಯಲ್ಲಿ, ರಾತ್ರಿ ಕಳೆಯುವುದು. ಪೀಪಾಯಿಯನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿದಂತಿರುವ, ಲೋಹದ ಹೊದಿಕೆಯ ಕಟ್ಟಡ ಅದು. ಮಾರನೆಯ ದಿನ ಇನ್ನೂ 1330 ಮೀಟರ್ ಏರಿ, ತುದಿ ಮುಟ್ಟಿ, ಒಟ್ಟು 2100 ಮೀಟರ್ ಸ್ಕೀ ಮಾಡುತ್ತ ಪೋಂಟ್‌ಗೆ ಇಳಿಯುವುದು. ಮಾರ್ಚ್ ಕೊನೆಯಿಂದ ಮೇ ಮಧ್ಯದವರೆಗೆ ಇದರ ಕಾಲ.

ಎತ್ತರಕ್ಕೆ ಒಗ್ಗಿಕೊಳ್ಳಲು ಒಂದು ದಿನ ಹೆಚ್ಚಿಗೆ ಇಡಿ ಎಂದು ನಾನು ಒತ್ತಿ ಹೇಳುತ್ತೇನೆ. ನಾಲ್ಕು ಸಾವಿರ ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ. 60 ಮಾತ್ರ. ಬೆಂಗಳೂರಿನಿಂದ ವಿಮಾನ ಹತ್ತಿ ಮೂರನೆಯ ದಿನಕ್ಕೇ ತುದಿಗೆ ಹೊರಟರೆ ತಲೆನೋವು, ವಾಂತಿ ಬರುವುದು ಸಹಜ. ರಿಫೂಜೊದಲ್ಲಿ ಎರಡು ರಾತ್ರಿ ಉಳಿದು, ನಡುವಿನ ದಿನ ಪಕ್ಕದ ಟ್ರೆಸೆಂಟಾ ಶಿಖರಕ್ಕೆ (3609 ಮೀಟರ್) ಹೋಗಿಬಂದರೆ ಮೈ ಒಗ್ಗುತ್ತದೆ, ಸಾಮಾನಿನ ತೊಂದರೆಗಳೂ ಅಲ್ಲೇ ಬಯಲಾಗುತ್ತವೆ. ತಲೆನೋವು ಶುರುವಾದರೆ ಗೈಡ್‌ಗೆ ಆಗಲೇ ಹೇಳಬೇಕು. ಮುಚ್ಚಿಟ್ಟು ಮೇಲೆ ಹೋಗಿ ಕುಸಿದು ಕೂತರೆ ಹಗ್ಗದಲ್ಲಿರುವ ಅಷ್ಟೂ ಜನ ಇಳಿಯಬೇಕಾಗುತ್ತದೆ.

ಊರಲ್ಲಿದ್ದಾಗ ಏನು ಮಾಡಬಹುದು? ಹತ್ತು ಕೆಜಿ ಬ್ಯಾಗ್ ಹೊತ್ತು ನಂದಿಬೆಟ್ಟದ ಮೆಟ್ಟಿಲು ಹತ್ತಿಳಿಯುವುದು ಕಾಲಿಗೂ ದಮ್ಮಿಗೂ ಒಳ್ಳೆಯದೇ. ಆದರೆ ಸ್ಕೀ ಕಲಿಕೆಗೆ ಅದರಿಂದ ಏನೂ ಸಿಗದು. ಗುಲ್ಮಾರ್ಗ್‌ನಲ್ಲೋ ಔಲಿಯಲ್ಲೋ ಒಂದು ಕೋರ್ಸ್ ಮುಗಿಸಿದ್ದು ಕೂಡ ಸಾಲದು. ಬೆನ್ನಿಗೆ ಬ್ಯಾಗ್ ಇದ್ದು, ಕಾಲು ದಣಿದಿದ್ದು, ಯಂತ್ರ ಹಾಯಿಸಿರದ ಒರಟು ಹಿಮದಲ್ಲಿ, 30 ಡಿಗ್ರಿ ಇಳಿಜಾರಿನಲ್ಲಿ ಬೇಕೆಂದ ಜಾಗದಲ್ಲಿ ನಿಲ್ಲಲು ಬರಬೇಕು. ಚಂದಕ್ಕೆ ತಿರುಗುವುದು ಮುಖ್ಯವಲ್ಲ, ನಿಲ್ಲುವುದು ಮುಖ್ಯ.

ಸಾಮಾನಿನ ವಿಷಯದಲ್ಲಿ ನಾನು ಸ್ಕೀಗಿಂತ ಸ್ಕಿನ್‌ಗೆ ಹೆಚ್ಚು ಗಮನ ಕೊಡುತ್ತೇನೆ. ಸ್ಕಿನ್ ಎಂದರೆ ಸ್ಕೀಯ ತಳಕ್ಕೆ ಅಂಟಿಸುವ ಉದ್ದನೆಯ ಪಟ್ಟಿ. ಒಂದು ಮಗ್ಗುಲಲ್ಲಿ ಅಂಟು, ಇನ್ನೊಂದು ಮಗ್ಗುಲಲ್ಲಿ ಹಿಂದಕ್ಕೆ ಒರಗಿದ ರೋಮ. ಬೆಕ್ಕಿನ ಬೆನ್ನು ಸವರಿದ ಹಾಗೆ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಕಚ್ಚುತ್ತದೆ. ಮೊಹೇರ್ (ಮೇಕೆಯ ರೋಮ) ಚೆನ್ನಾಗಿ ಜಾರುತ್ತದೆ, ನೈಲಾನ್ ಹೆಚ್ಚು ಕಚ್ಚುತ್ತದೆ ಮತ್ತು ಬಾಳಿಕೆ ಬರುತ್ತದೆ. ಎರಡೂ ಬೆರೆತದ್ದು ಈ ಬೆಟ್ಟಕ್ಕೆ ಸರಿ. ಕತ್ತರಿಸುವಾಗ ಎರಡು ಅಂಚಿನಲ್ಲೂ ಲೋಹದ ಪಟ್ಟಿ ಮಾತ್ರ ಕಾಣುವಷ್ಟು, ಎರಡು ಮಿಲಿಮೀಟರ್ ಜಾಗ ಬಿಡಬೇಕು. ಅಂಚನ್ನೂ ಮುಚ್ಚಿದರೆ ಗಟ್ಟಿ ಹಿಮದಲ್ಲಿ ಸ್ಕೀ ಪಕ್ಕಕ್ಕೆ ಜಾರುತ್ತದೆ. ತೀರಾ ಕಿರಿದಾದರೆ ಹಿಂದಕ್ಕೆ ಜಾರುತ್ತದೆ.

ಸ್ಕಿನ್ ಕೈಕೊಡುವುದು ಹೆಚ್ಚಾಗಿ ಎರಡನೆಯ ಸಲ ಅಂಟಿಸುವಾಗ. ಕಳಚಿದಾಗ ಅಂಟಿನ ಮೇಲೆ ಹಿಮದ ಪುಡಿ ಕೂರುತ್ತದೆ. ಹಾಗೇ ಮಡಚಿ ಬ್ಯಾಗಿಗೆ ತುರುಕಿದರೆ ಪುಡಿ ಮಂಜುಗಡ್ಡೆಯ ಪೊರೆಯಾಗುತ್ತದೆ. ಆಮೇಲೆ ಎಷ್ಟು ಒತ್ತಿದರೂ ಕೂರದು. ನಾನು ಕಳಚಿದ ಕೂಡಲೇ ಅಂಟಿಗೆ ಅಂಟು ಸೇರಿಸಿ ಮಡಚಿ, ಜಾಕೆಟ್ಟಿನ ಒಳಗೆ ಎದೆಗೆ ತಾಗುವಂತೆ ಇಟ್ಟುಕೊಳ್ಳುತ್ತೇನೆ. ಮತ್ತೆ ಅಂಟಿಸುವ ಮುನ್ನ ಸ್ಕೀಯ ತಳವನ್ನು ಪೂರ್ತಿ ಒರೆಸುತ್ತೇನೆ, ಬಾಲದ ತುದಿಯ ಕೊನೆಯ ಒಂದು ಗೇಣನ್ನು ಎರಡು ಸಲ, ಏಕೆಂದರೆ ಬಿಟ್ಟುಕೊಳ್ಳುವುದು ಅಲ್ಲಿಂದಲೇ. ಆದರೂ ಬಿಟ್ಟುಕೊಂಡರೆ ರಬ್ಬರಿನ ಸ್ಕೀ ಪಟ್ಟಿಯಿಂದ ಬಾಲದ ಹತ್ತಿರ ಬಿಗಿದು ಕಟ್ಟಿದರೆ ಆ ದಿನ ಕಳೆಯುತ್ತದೆ. ಇಂಥ ಎರಡು ಪಟ್ಟಿ ಜೇಬಿನಲ್ಲಿ ಇರಲೇಬೇಕು. ಮಧ್ಯಾಹ್ನದ ಒದ್ದೆ ಹಿಮದಿಂದ ನೆರಳಿನ ಒಣ ಹಿಮಕ್ಕೆ ಹೋದರೆ ರೋಮದ ಕೆಳಗೆ ಹಿಮ ಉಂಡೆ ಕಟ್ಟಿ ಪಾದ ಸೇರಿನ ಕಲ್ಲಾಗುತ್ತದೆ. ಅದಕ್ಕೆ ಸ್ಕಿನ್ ಮೇಣವನ್ನು ಮೊದಲೇ ರೋಮದ ದಿಕ್ಕಿನಲ್ಲಿ ಉಜ್ಜಿರಬೇಕು.

ಉಳಿದಂತೆ: ಹಿಮಕುಸಿತದ ಟ್ರಾನ್ಸೀವರ್, ಅಂದರೆ ಹೂತುಹೋದವರನ್ನು ಹುಡುಕಲು ಸಂಕೇತ ಕಳಿಸುವ, ಹಿಡಿಯುವ ಸಾಧನ (457 ಕಿಲೋಹರ್ಟ್ಜ್, ಮೂರು ಆಂಟೆನಾದ್ದು), ಹಿಮಕ್ಕೆ ಚುಚ್ಚಿ ಹುಡುಕಲು ಕನಿಷ್ಠ 240 ಸೆಂಟಿಮೀಟರ್ ಪ್ರೋಬ್ ಕಡ್ಡಿ, ಲೋಹದ ಸನಿಕೆ, ಹಗ್ಗ ಸೇರಿಸಲು ಸೊಂಟಕ್ಕೆ ಕಟ್ಟುವ ಹಾರ್ನೆಸ್, ಲಾಕ್ ಇರುವ ಎರಡು ಕ್ಯಾರಬೈನರ್ ಕೊಕ್ಕೆ, 120 ಸೆಂಟಿಮೀಟರ್ ಸ್ಲಿಂಗ್ ಪಟ್ಟಿ, 55 ಸೆಂಟಿಮೀಟರ್ ಐಸ್ ಆಕ್ಸ್, ಬೂಟಿಗೆ ಕ್ರ್ಯಾಂಪಾನ್ (ಗಟ್ಟಿ ಹಿಮಕ್ಕೆ ಕಚ್ಚುವ ಲೋಹದ ಹಲ್ಲುಗಳು), ಸ್ಕೀಗೆ ಬೇರೆ ಕ್ರ್ಯಾಂಪಾನ್. ತುದಿಯಲ್ಲಿ ಬಂಡೆ ಇರುವುದರಿಂದ ಬೂಟಿನ ಕ್ರ್ಯಾಂಪಾನ್ ಉಕ್ಕಿನದ್ದೇ ಆಗಲಿ. ಕೈಗವಸು ಎರಡು ಜೊತೆ, ನೀರು ಒಂದೂವರೆ ಲೀಟರ್. ನೀರಿನ ನಳಿಗೆ ಇರುವ ಚೀಲ ಬೇಡ, ನಳಿಗೆ ಬೆಳಗಿನ ಐದಕ್ಕೇ ಹೆಪ್ಪುಗಟ್ಟುತ್ತದೆ. ಎನರ್ಜಿ ಬಾರ್‌ಗಳು ಚಳಿಗೆ ಹಲ್ಲಿಗೆ ಬಗ್ಗದಷ್ಟು ಗಟ್ಟಿಯಾಗುತ್ತವೆ. ಕಡಲೆಕಾಯಿ ಚಿಕ್ಕಿಯನ್ನು ಮನೆಯಲ್ಲೇ ಬೆರಳುಗುರಿನಷ್ಟು ಚೂರು ಮಾಡಿ ಖರ್ಜೂರದ ಜೊತೆ ಜೇಬಿಗೆ ಹಾಕಿಕೊಂಡರೆ ನಡೆಯುತ್ತಲೇ ತಿನ್ನಬಹುದು. ವೀಸಾಕ್ಕೆಂದು ಮಾಡಿಸಿದ ಇನ್ಶೂರೆನ್ಸ್‌ನಲ್ಲಿ ಪರ್ವತಾರೋಹಣ ಸಾಮಾನ್ಯವಾಗಿ ಸೇರಿರುವುದಿಲ್ಲ. ಹೆಲಿಕಾಪ್ಟರ್ ರಕ್ಷಣೆ ಸೇರಿರುವ ಪಾಲಿಸಿ ಬೇರೆಯಾಗಿ ಮಾಡಿಸಬೇಕು.

ಬೆಳಿಗ್ಗೆ ನಾಲ್ಕೂವರೆ, ಐದಕ್ಕೆ ಹೊರಡುವುದು ಸುಮ್ಮನೆ ಅಲ್ಲ. ವಸಂತದಲ್ಲಿ ಹಗಲು ಕರಗಿದ ಹಿಮ ರಾತ್ರಿ ಹೆಪ್ಪುಗಟ್ಟಿ ಗಟ್ಟಿ ಹೊದಿಕೆಯಾಗುತ್ತದೆ. ಆಕಾಶ ನಿಚ್ಚಳವಿದ್ದರೆ ಹಿಮದ ಮೈಯ ಬಿಸಿ ಮೇಲಕ್ಕೆ ಹಾರಿಹೋಗಿ ಚೆನ್ನಾಗಿ ಗಟ್ಟಿಯಾಗುತ್ತದೆ. ಮೋಡ ಮುಚ್ಚಿದ್ದರೆ ಕಂಬಳಿ ಹೊದಿಸಿದಂತೆ, ಮೇಲೆ ತೆಳು ಪದರ, ಒಳಗೆ ಗಂಜಿ. ಹಾಗಾಗಿ ರಾತ್ರಿ ಹೊರಗೆ ಹೋದಾಗ ನಕ್ಷತ್ರ ಕಾಣುತ್ತಿವೆಯೇ ನೋಡಿ, ಬೂಟಿನಿಂದ ಹಿಮ ಒದ್ದು ನೋಡಿ. ಗೈಡ್ ಬೆಳಿಗ್ಗೆ ಏನು ಹೇಳುತ್ತಾರೆಂದು ಅರ್ಧ ಅಲ್ಲೇ ಗೊತ್ತಾಗುತ್ತದೆ. ಆಓಸ್ತಾ ಪ್ರಾಂತ್ಯದ ಹಿಮಕುಸಿತ ವರದಿಯಲ್ಲಿ 1ರಿಂದ 5ರವರೆಗೆ ಅಪಾಯದ ಅಂಕಿ ಇರುತ್ತದೆ. ಬರೀ ಅಂಕಿ ಓದಿ ಸುಮ್ಮನಾಗಬಾರದು. ಯಾವ ದಿಕ್ಕಿನ ಇಳಿಜಾರು, ಎಷ್ಟು ಎತ್ತರದಿಂದ ಮೇಲೆ, ಗಾಳಿ ತಂದು ಪೇರಿಸಿದ ಹಿಮವೋ ಒದ್ದೆ ಹಿಮವೋ ಎಂಬುದೇ ಮುಖ್ಯ. 3 ಎಂದರೆ ‘ಮಧ್ಯಮ’ ಎಂದು ಓದುವವರಿದ್ದಾರೆ, ಅದು ತಪ್ಪು. ಸಾವುಗಳಲ್ಲಿ ದೊಡ್ಡ ಪಾಲು ಆಗುವುದು ಆ 3ರಲ್ಲೇ.

ಬಾಗಿಲಲ್ಲೇ ಟ್ರಾನ್ಸೀವರ್ ಪರೀಕ್ಷೆ. ಮೊದಲು ಎಲ್ಲರದೂ ಹುಡುಕುವ ಸ್ಥಿತಿಯಲ್ಲಿ, ಗೈಡ್‌ನದು ಕಳಿಸುವ ಸ್ಥಿತಿಯಲ್ಲಿ. ಆಮೇಲೆ ಅದಲು ಬದಲು ಮಾಡಿ, ಒಬ್ಬೊಬ್ಬರೇ ಗೈಡ್ ಮುಂದೆ ಹಾದುಹೋಗುವುದು. ಫೋನ್ ಟ್ರಾನ್ಸೀವರ್‌ನಿಂದ ಕನಿಷ್ಠ 20 ಸೆಂಟಿಮೀಟರ್ ದೂರ, ಹುಡುಕುವಾಗ 50. ಎದೆಯ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳುವವರು ಬಹಳ. ಹೂತುಹೋದವರು ಬದುಕುವ ಸಾಧ್ಯತೆ ಮೊದಲ ಹತ್ತು ಹದಿನೈದು ನಿಮಿಷ ದಾಟಿದರೆ ಸರ್ರನೆ ಇಳಿಯುತ್ತದೆ. ಗೈಡ್ ಅವರೇ ಹಿಮದಡಿ ಸಿಕ್ಕಿಕೊಂಡರೆ ಅವರನ್ನು ಹುಡುಕಬೇಕಾದವರು ನಾವು. ಹಿಂದಿನ ದಿನ ಸಂಜೆ ರಿಫೂಜೊ ಪಕ್ಕದಲ್ಲಿ ಒಂದು ಟ್ರಾನ್ಸೀವರ್ ಹೂತಿಟ್ಟು ಹುಡುಕುವ ಅಭ್ಯಾಸ ಕೇಳಿ ಮಾಡಿಸಿಕೊಳ್ಳಿ. ಕೊನೆಯ ಮೂರು ಮೀಟರ್‌ನಲ್ಲಿ ಸಾಧನ ಹಿಮಕ್ಕೆ ತಾಗುವಷ್ಟು ಕೆಳಗೆ, ನಿಧಾನಕ್ಕೆ. ಪ್ರೋಬ್ ಚುಚ್ಚುವುದು ಇಳಿಜಾರಿಗೆ ನೇರ ಕೋನದಲ್ಲಿ, 25 ಸೆಂಟಿಮೀಟರ್‌ಗೊಂದರಂತೆ ಸುರುಳಿಯಾಗಿ. ಸಿಕ್ಕಿದ ಮೇಲೆ ಕಡ್ಡಿ ತೆಗೆಯಬಾರದು. ಅಗೆಯುವುದು ಇಳಿಜಾರಿನಲ್ಲಿ ಕಡ್ಡಿಗಿಂತ ಕೆಳಗಿನ ಬದಿಯಿಂದ, ಮೇಲಿನಿಂದ ಅಲ್ಲ.

ನಡಿಗೆಯ ವೇಗ ಗಂಟೆಗೆ 300ರಿಂದ 350 ಮೀಟರ್ ಏರಿಕೆ. ಹೊರಟಾಗ ಸ್ವಲ್ಪ ಚಳಿ ಎನಿಸಬೇಕು. ಬೆಚ್ಚಗೆ ಹೊರಟವರು ಇಪ್ಪತ್ತು ನಿಮಿಷಕ್ಕೆ ಬೆವರುತ್ತಾರೆ, ಆ ಬೆವರು ಮೇಲೆ ಗಾಳಿಗೆ ಸಿಕ್ಕಾಗ ನಡುಗಿಸುತ್ತದೆ. ಸ್ಕೀ ಎತ್ತಿ ಇಡಬಾರದು, ನೆಲಕ್ಕೆ ಉಜ್ಜಿಕೊಂಡೇ ಜಾರಿಸಬೇಕು. ಜಾರುತ್ತಿದೆ ಎನಿಸಿದಾಗ ಎಲ್ಲರೂ ಮುಂದಕ್ಕೆ ಬಾಗುತ್ತಾರೆ, ಅದರಿಂದಲೇ ಇನ್ನೂ ಜಾರುತ್ತದೆ. ಭಾರ ಹಿಮ್ಮಡಿಯ ಮೇಲಿದ್ದರೆ ರೋಮ ಪೂರ್ತಿ ಕಚ್ಚುತ್ತದೆ. ಸ್ಕೀಯನ್ನು ಅಂಚಿನ ಮೇಲೆ ನಿಲ್ಲಿಸದೆ ತಳ ಪೂರ್ತಿ ತಾಗಿಸಬೇಕು.

ಸುಮಾರು 3300 ಮೀಟರ್‌ನಿಂದ ಇಳಿಜಾರು ಕಡಿದಾಗುತ್ತದೆ, ಗಾಳಿಗೆ ಹಿಮ ಗಾಜಿನಂತಾಗಿರುತ್ತದೆ. ಸ್ಕೀ ಕ್ರ್ಯಾಂಪಾನ್ ಅದಕ್ಕೂ ಕೆಳಗೆ, ಸಮತಟ್ಟಿನಲ್ಲೇ ಹಾಕಿಕೊಳ್ಳಬೇಕು. ನಡು ಇಳಿಜಾರಿನಲ್ಲಿ ಹಾಕಲು ಹೋದರೆ ಸ್ಕೀ ಒಂದು ಕಡೆ, ನೀವು ಒಂದು ಕಡೆ. ಹಿಮ್ಮಡಿಯ ಆಸರೆಯನ್ನು ತೀರಾ ಎತ್ತರಕ್ಕೆ ಏರಿಸಿದರೆ ಕ್ರ್ಯಾಂಪಾನ್ ಹಲ್ಲು ಹಿಮಕ್ಕೆ ಅಷ್ಟು ಆಳ ಇಳಿಯುವುದಿಲ್ಲ ಎಂಬುದೂ ನೆನಪಿರಲಿ.

ಕಿಕ್ ಟರ್ನ್ ಅಲ್ಲೇ ಬೇಕಾಗುವುದು. ಎರಡೂ ಸ್ಕೀ ಇಳಿಜಾರಿಗೆ ಅಡ್ಡವಾಗಿ, ಮಟ್ಟಸವಾಗಿ ನಿಲ್ಲಿಸಿ, ಎರಡು ಕೋಲೂ ಊರಿಕೊಳ್ಳಿ. ಮೇಲಿನ ಸ್ಕೀಯನ್ನು ಎತ್ತಿ, ಅದರ ಮೂತಿಯನ್ನು ಹೊಸ ದಿಕ್ಕಿಗೆ ಪೂರ್ತಿ ತಿರುಗಿಸಿ, ಮತ್ತೆ ಅಡ್ಡವಾಗಿಯೇ ಇಡಿ. ಮೂತಿ ಮೇಲಕ್ಕೆ ನೋಡುವಂತೆ ಇಟ್ಟರೆ ಹಿಂದಕ್ಕೆ ಜಾರುತ್ತದೆ. ಈಗ ಪೂರ್ತಿ ಭಾರ ಅದರ ಮೇಲೆ. ಆಮೇಲೆ ಕೆಳಗಿನ ಕಾಲಿನ ಮಂಡಿ ಮಡಚಿ ಎತ್ತಿ, ಹಿಮ್ಮಡಿಯನ್ನು ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಡುವ ಭಾಗ) ಮೇಲೆ ಟಪ್ ಎಂದು ಬಡಿದರೆ ಸ್ಕೀಯ ಮೂತಿ ತಾನೇ ಮೇಲೇಳುತ್ತದೆ, ಆ ಕ್ಷಣದಲ್ಲೇ ತಿರುಗಿಸಿ ತರಬೇಕು. ಈ ‘ಟಪ್’ ಕಲಿಯದವರು ಸ್ಕೀಯ ಮೂತಿ ಹಿಮಕ್ಕೆ ಸಿಕ್ಕಿ, ಕಾಲು ಕತ್ತರಿಯಾಗಿ ನಿಲ್ಲುತ್ತಾರೆ. ಹೆದರಿ ಬೆಟ್ಟದ ಕಡೆಗೆ ಒರಗಿದರೂ ಬೀಳುತ್ತಾರೆ, ನೆಟ್ಟಗೆ ನಿಂತರೆ ಮಾತ್ರ ಸ್ಕೀ ಕಚ್ಚುತ್ತದೆ.

ಹಿಮನದಿಯ ಮೇಲೆ ಹಾರ್ನೆಸ್ ಎಲ್ಲರಿಗೂ ಕಡ್ಡಾಯ, ಹಗ್ಗ ಕಟ್ಟುವುದು ಬಿಡುವುದು ಗೈಡ್ ತೀರ್ಮಾನ. ಕಟ್ಟಿದರೆ ನಡುವೆ ಹತ್ತು ಹದಿನೈದು ಮೀಟರ್ ಇರುತ್ತದೆ, ಅದು ಜೋತು ಬೀಳದಂತೆ ನೋಡಿಕೊಳ್ಳಬೇಕು. ಸಡಿಲ ಹಗ್ಗದಲ್ಲಿ ಒಬ್ಬರು ಬಿರುಕಿಗೆ ಬಿದ್ದರೆ ಜಗ್ಗು ಇನ್ನೂ ಜೋರಾಗಿ ಬರುತ್ತದೆ.

‘ಕತ್ತೆಯ ಬೆನ್ನು’ ಎಂಬ ದಿಣ್ಣೆ ದಾಟಿ, ತುದಿಯ ಬಂಡೆಗಳ ಕೆಳಗೆ ಸ್ಕೀ ಬಿಡಬೇಕು. ಇಲ್ಲಿಂದ ಕ್ರ್ಯಾಂಪಾನ್, ಐಸ್ ಆಕ್ಸ್. ಮೇರಿಯಮ್ಮನ ಬಿಳಿ ಪ್ರತಿಮೆ ಇರುವಲ್ಲಿಗೆ ಉಳಿದಿರುವುದು ಸ್ವಲ್ಪವೇ ದೂರ. ಆದರೆ ಎರಡೂ ಕಡೆ ಪ್ರಪಾತ, ಒಬ್ಬರೇ ಹಾಯುವಷ್ಟು ಬಂಡೆ. ಸಾಲು ಉದ್ದವಿದ್ದು ಹಿಮ ಮೆತ್ತಗಾಗುತ್ತಿದ್ದರೆ ಪ್ರತಿಮೆಯನ್ನು ಬಿಟ್ಟು ಅಲ್ಲಿಂದಲೇ ತಿರುಗಿದ್ದು ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸ್ಕೀಗಳನ್ನು ಬಾಲದ ಕಡೆಯಿಂದ ಹಿಮಕ್ಕೆ ಆಳವಾಗಿ ನೆಟ್ಟು ಹೋಗಿ. ಮಲಗಿಸಿಟ್ಟ ಸ್ಕೀಯನ್ನು ಒಂದು ಬೀಸುಗಾಳಿ ಹಿಮನದಿಗೆ ತಳ್ಳಬಲ್ಲದು.

ಇಳಿಯಲು ತಯಾರಾಗುವಾಗ ಮೊದಲು ಜಾಕೆಟ್, ಆಮೇಲೆ ಉಳಿದದ್ದು. ಬೂಟಿನ ನಡಿಗೆಯ ಗುಂಡಿಯನ್ನು ಇಳಿಕೆಗೆ ಬದಲಿಸಿ, ಬಕಲ್ ಬಿಗಿಯಿರಿ. ಬೂಟಿನ ಮೂತಿಯ ಎರಡು ತೂತಿನಲ್ಲಿ, ಬೈಂಡಿಂಗ್ ಸ್ಪ್ರಿಂಗಿನ ಅಡಿಯಲ್ಲಿ ಗಡ್ಡೆಗಟ್ಟಿದ ಹಿಮವನ್ನು ಕೋಲಿನ ಮೊನೆಯಿಂದ ಕೆದಕಿ ತೆಗೆಯಿರಿ. ಅದು ಉಳಿದರೆ ಪಿನ್ ಅರ್ಧ ಕೂತು ಮೊದಲ ತಿರುವಿನಲ್ಲೇ ಸ್ಕೀ ಕಳಚುತ್ತದೆ. ಹತ್ತುವಾಗ ಹಾಕಿದ ಮುಂದಿನ ಲಾಕನ್ನು ಇಳಿಸಿದ್ದೀರಾ, ನೋಡಿ. ಲಾಕ್ ಇದ್ದರೆ ಬಿದ್ದಾಗ ಸ್ಕೀ ಬಿಡುವುದಿಲ್ಲ, ಮಂಡಿ ಹೋಗುತ್ತದೆ.

ಇಳಿಕೆಯಲ್ಲಿ ಗೈಡ್‌ನ ಜಾಡು ಬಿಡಬಾರದು. ಬಿರುಕುಗಳು ಹಿಮದ ತೆಳು ಸೇತುವೆಯಡಿ ಮುಚ್ಚಿರುತ್ತವೆ. ಕಡಿದಾದಲ್ಲಿ ಒಬ್ಬೊಬ್ಬರೇ, ಉಳಿದಲ್ಲಿ ಮೂವತ್ತು ಮೀಟರ್ ಅಂತರ, ನಿಲ್ಲುವುದು ಯಾವಾಗಲೂ ಗೈಡ್‌ಗಿಂತ ಮೇಲೆ. ಮೇಲ್ಭಾಗ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಹತ್ತು ಗಂಟೆಗೂ ಗಟ್ಟಿಯಾಗಿಯೇ ಇರಬಹುದು. ಹಾಗೆಂದು ಕಾಯುತ್ತ ಕೂತರೆ ರಿಫೂಜೊದಿಂದ ಕೆಳಗಿನ ಭಾಗದ ಹಿಮ ಮೆತ್ತಗಾಗಿ ಹೋಗುತ್ತದೆ. ಬೂಟು ಮೊಣಕಾಲವರೆಗೆ ಹೂಳುತ್ತಿದ್ದರೆ ತಡವಾಗಿದೆ ಎಂದೇ ಅರ್ಥ. ಏಪ್ರಿಲ್ ಕೊನೆಗೆ ಲಾರ್ಚ್ ಮರಗಳ ನಡುವೆ ಹಿಮ ಮುಗಿದು, ಪೋಂಟ್‌ವರೆಗೆ ಸ್ಕೀಯನ್ನು ಬೆನ್ನಿಗೆ ಕಟ್ಟಿ ನಡೆಯಬೇಕಾಗುವುದೂ ಉಂಟು.

ಊಟಕ್ಕೆ ಕೂರುವ ಮುನ್ನ ಸ್ಕಿನ್ ಬಿಚ್ಚಿ ನೆರಳಲ್ಲಿ ನೇತುಹಾಕಿ. ಒಲೆಯ ಮೇಲೆ, ಹೀಟರ್ ಪಕ್ಕ ಬೇಡ. ಅಂಟು ಕರಗಿ ಮುಂದಿನ ಸಲ ಸ್ಕೀಯ ತಳಕ್ಕೇ ಮೆತ್ತಿಕೊಳ್ಳುತ್ತದೆ.