ಸ್ಲ್ಯಾಷರ್ ಹಂಗಾಮಿನ ನಡುವೆ ಕೈಕೊಡದಿರಲು

ಮುಂಗಾರಿನ ನಾಲ್ಕು ಹದ ಮಳೆ ಬಿದ್ದರೆ ಸಾಕು, ತೆಂಗು, ಮಾವಿನ ಸಾಲುಗಳ ನಡುವೆ ಕಾಂಗ್ರೆಸ್ ಗಿಡ ಸೊಂಟದೆತ್ತರ ನಿಲ್ಲುತ್ತದೆ. ಬೇಲಿಯಂಚಿನ ಲಂಟಾನ ಮೆಲ್ಲಗೆ ಒಳಕ್ಕೆ ಕಾಲಿಡುತ್ತದೆ. ಕಳೆ ಕೊಚ್ಚಲು ಆಳು ಸಿಗದ ಊರುಗಳಲ್ಲಿ ಆಗ ನೆನಪಾಗುವುದು ಟ್ರ್ಯಾಕ್ಟರ್ ಹಿಂದೆ ಕಟ್ಟುವ ಸ್ಲ್ಯಾಷರ್. ದಪ್ಪ ತಗಡಿನ ಹೊದಿಕೆ, ಅದರ ಮೇಲೊಂದು ಗೇರ್‌ಬಾಕ್ಸ್, ಕೆಳಗೆ ಗಿರಗಿರ ತಿರುಗುವ ಬಾರ್, ಬಾರ್‌ನ ಎರಡು ತುದಿಗೆ ಬ್ಲೇಡ್. ಇಷ್ಟೇ ಯಂತ್ರ. ಇಷ್ಟೇ ಇರುವುದರಿಂದಲೇ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಕಳೆದ ವರ್ಷ ಶೆಡ್ಡಿನ ಮಗ್ಗುಲಲ್ಲಿ ಬಿಟ್ಟದ್ದನ್ನು ಈ ವರ್ಷ ಎಳೆದು ತಂದು ನೇರ ತೋಟಕ್ಕೆ ಇಳಿಸುತ್ತೇವೆ.

ಕೈ ಹಾಕುವ ಮೊದಲು ಒಂದು ವಿಷಯ ತಿಳಿದಿರಬೇಕು. ಈ ಯಂತ್ರದಲ್ಲಿ ಕೆಲವು ಭಾಗಗಳನ್ನು ಸೋಲಲೆಂದೇ ಇಟ್ಟಿರುತ್ತಾರೆ. ಕಲ್ಲು ತಾಗಿದರೆ ಬ್ಲೇಡ್ ಹಿಂದಕ್ಕೆ ಮಡಚಿಕೊಳ್ಳಬೇಕು. ಮರದ ಬೊಡ್ಡೆಗೆ ಸಿಕ್ಕಿಕೊಂಡರೆ ಶಿಯರ್ ಬೋಲ್ಟ್ ತುಂಡಾಗಬೇಕು, ಇಲ್ಲವೇ ಕ್ಲಚ್ ಜಾರಬೇಕು. ಅವು ಸೋತರೆ ಗೇರ್‌ಬಾಕ್ಸೂ ಟ್ರ್ಯಾಕ್ಟರಿನ ಪಿಟಿಒ (ಹಿಂದೆ ಕಟ್ಟಿದ ಯಂತ್ರವನ್ನು ಎಂಜಿನ್ ಬಲದಿಂದ ತಿರುಗಿಸುವ ಶಾಫ್ಟ್) ಕೂಡ ಉಳಿಯುತ್ತವೆ. ರಿಪೇರಿ ಹೆಸರಿನಲ್ಲಿ ನಡೆಯುವ ದೊಡ್ಡ ಅನಾಹುತವೆಂದರೆ ಈ ಭಾಗಗಳನ್ನೇ ಗಟ್ಟಿ ಮಾಡಿಬಿಡುವುದು.

ಮೊದಲು ಯಂತ್ರ ನಿಲ್ಲಲಿ

ಪಿಟಿಒ ಬಿಡಿಸಿ, ಎಂಜಿನ್ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ಎಂಜಿನ್ ನಿಂತ ಮೇಲೂ ಬ್ಲೇಡ್ ಒಂದಷ್ಟು ಹೊತ್ತು ಸುತ್ತುತ್ತಲೇ ಇರುತ್ತದೆ. ಪೂರ್ತಿ ನಿಲ್ಲುವವರೆಗೆ ಕಾಯಿರಿ. ಕೆಳಗೆ ನೋಡಬೇಕಾದರೆ ಹೈಡ್ರಾಲಿಕ್‌ನಲ್ಲಿ ಎತ್ತಿ, ನಾಲ್ಕೂ ಮೂಲೆಗೆ ದಪ್ಪ ಮರದ ದಿಮ್ಮಿ ಕೊಟ್ಟು, ಭಾರವನ್ನು ದಿಮ್ಮಿಗಳ ಮೇಲೆ ಇಳಿಸಿ. ಬರೀ ಹೈಡ್ರಾಲಿಕ್ ನಂಬಿ ತಲೆ ತೂರಿಸಬೇಡಿ. ಲಿವರ್‌ಗೆ ಯಾರದೋ ಮೊಣಕೈ ತಾಗಿದರೂ ಲಿಫ್ಟ್ ಇಳಿಯುತ್ತದೆ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಕೊಡುವವರಿದ್ದಾರೆ, ಅವು ಭಾರಕ್ಕೆ ಸದ್ದಿಲ್ಲದೆ ಸೀಳುತ್ತವೆ.

ಬ್ಲೇಡ್: ಮೊಂಡಾಗಿದ್ದರೂ ಪರವಾಗಿಲ್ಲ, ಸಡಿಲವಾಗಿರಬಾರದು

ಹೊದಿಕೆಯ ಒಳಮೈಗೆ ಅಂಟಿದ ಒಣ ಹುಲ್ಲು, ಮಣ್ಣನ್ನೆಲ್ಲ ಕೆರೆದು ತೆಗೆಯಿರಿ. ಆಮೇಲೆ ಕೈಗವಸು ಹಾಕಿಕೊಂಡು ಒಂದೊಂದೇ ಬ್ಲೇಡನ್ನು ಕೈಯಿಂದ ತಳ್ಳಿ. ಬೋಲ್ಟಿನ ಸುತ್ತ ಅದು ಹಿಂದೆ ಮುಂದೆ ಸಲೀಸಾಗಿ ಆಡಬೇಕು. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಕಲ್ಲು ತಾಗಿದಾಗ ಮಡಚಿಕೊಳ್ಳುವುದಿಲ್ಲ, ಆ ಪೆಟ್ಟೆಲ್ಲ ಗೇರ್‌ಬಾಕ್ಸಿಗೆ ಬೀಳುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟರೆ ಸಾಮಾನ್ಯವಾಗಿ ಬಿಡುತ್ತದೆ. ಇನ್ನು ಬ್ಲೇಡ್ ಮೇಲಕ್ಕೂ ಕೆಳಕ್ಕೂ ಗಡಗಡ ಅಲ್ಲಾಡಿದರೆ ಬೋಲ್ಟ್ ಸವೆದಿದೆ ಅಥವಾ ಬ್ಲೇಡಿನ ತೂತು ಅಗಲವಾಗಿದೆ ಎಂದು ಅರ್ಥ. ಆ ಬೋಲ್ಟ್ ಬಿಚ್ಚಿ ನೋಡಿದರೆ ನಡುವೆ ಒಂದು ಕಡೆ ಮಾತ್ರ ಹೊಳೆಯುವ ಕಚ್ಚು ಕಾಣುತ್ತದೆ. ಉಗುರಿಗೆ ತಡೆಯುವಷ್ಟು ಕಚ್ಚು ಬಿದ್ದಿದ್ದರೆ ಅದನ್ನು ತಿರುಗಿಸಿ ಹಾಕಿ ಕಾಲ ತಳ್ಳಬೇಡಿ, ಬೋಲ್ಟು, ನಟ್ಟು ಎರಡನ್ನೂ ಹೊಸದು ಹಾಕಿ.

ಇಲ್ಲಿ ಕಂಜೂಸಿತನ ಏಕೆ ಬೇಡ ಎಂಬುದಕ್ಕೆ ಒಂದು ಲೆಕ್ಕ. 5 ಅಡಿ ಅಗಲ ಕತ್ತರಿಸುವ ಸ್ಲ್ಯಾಷರ್‌ನ ಬಾರ್ ನಿಮಿಷಕ್ಕೆ 1000 ಸುತ್ತು ತಿರುಗಿದರೆ ಬ್ಲೇಡಿನ ತುದಿ ಗಂಟೆಗೆ ಸುಮಾರು 287 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಆ ವೇಗದಲ್ಲಿ ಕಳಚಿದ ಬ್ಲೇಡ್ ಎಲ್ಲಿ ಹೋಗಿ ಬೀಳುತ್ತದೆಂದು ಯಾರೂ ಹೇಳಲಾರರು.

ಸಾಣೆ ಹಿಡಿಯುವಾಗ ಕುಡುಗೋಲಿನ ಅಲಗು ನೆನೆಯಬೇಡಿ. ಸ್ಲ್ಯಾಷರ್ ಕತ್ತರಿಸುವುದು ವೇಗದ ಹೊಡೆತದಿಂದ. ಅಂಚಿನಲ್ಲಿ ಒಂದೂವರೆ ಮಿಲಿಮೀಟರ್ ದಪ್ಪ ಉಳಿಯುವಂತೆ, ಮೊದಲಿದ್ದ ಓರೆಯಲ್ಲೇ ಗ್ರೈಂಡರ್ ಹಿಡಿದರೆ ಸಾಕು. ತೆಳ್ಳಗೆ ಮಾಡಿದ ಅಂಚು ಮೊದಲ ಕಲ್ಲಿಗೇ ಮುಕ್ಕಾಗುತ್ತದೆ. ಒಂದೇ ಜಾಗದಲ್ಲಿ ಗ್ರೈಂಡರ್ ಒತ್ತಿ ಕಬ್ಬಿಣ ನೀಲಿಗಟ್ಟಿದರೆ ಅಲ್ಲಿಯ ಹದ ಹೋಯಿತೆಂದೇ ಲೆಕ್ಕ. ಸಾಣೆಯಾದ ಮೇಲೆ ಎರಡನ್ನೂ ತೂಗಿ ನೋಡಿ. ದಿನಸಿ ಅಂಗಡಿಯ ತಕ್ಕಡಿಯೇ ಸಾಕು. ಭಾರ ಹೆಚ್ಚಿರುವುದನ್ನು ಇನ್ನಷ್ಟು ಉಜ್ಜಿ ಸಮ ಮಾಡಿ. ಒಂದು ಬ್ಲೇಡ್ ಮುರಿದರೆ ಎರಡನ್ನೂ ಬದಲಿಸಬೇಕು. ಒಂದು ಹಳೆಯದು ಒಂದು ಹೊಸದು ಹಾಕಿದರೆ ನಡುಕ ಶುರುವಾಗಿ ಬೇರಿಂಗ್ ತಿನ್ನುತ್ತದೆ.

ಬಿರುಕು ಬಿಟ್ಟ ಬ್ಲೇಡಿಗೆ ವೆಲ್ಡಿಂಗ್ ಮಾಡಿಸಬೇಡಿ. ಹಳೆಯ ಲಾರಿ ಪಟ್ಟಾ ತಂದು ಕುಲುಮೆಯಲ್ಲಿ ಬ್ಲೇಡ್ ಮಾಡಿಸುವುದೂ ಬೇಡ. ಕಮ್ಮಾರ ಎಷ್ಟೇ ಪಳಗಿದವನಿರಲಿ, ಕಾಯಿಸಿ ತಣಿಸಿದ ಆ ಉಕ್ಕು ಒಳಗೆ ಎಷ್ಟು ಗಡುಸಾಯಿತೆಂದು ಕಣ್ಣಿಗೆ ಕಾಣುವುದಿಲ್ಲ. ಕಲ್ಲು ತಾಗಿದಾಗ ಬಾಗುವ ಬದಲು ಸಿಡಿಯಬಹುದು.

ಗೇರ್‌ಬಾಕ್ಸ್: ಎಣ್ಣೆ ಎಲ್ಲಿಂದ ಸೋರುತ್ತಿದೆ?

ಸ್ಲ್ಯಾಷರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಗೇರ್‌ಬಾಕ್ಸಿನ ಪಕ್ಕದಲ್ಲಿರುವ ಲೆವೆಲ್ ಪ್ಲಗ್ ಬಿಚ್ಚಿ. ತೂತಿನ ಅಂಚಿನವರೆಗೆ ಎಣ್ಣೆ ಇರಬೇಕು. ಬಹುತೇಕ ಯಂತ್ರಗಳಿಗೆ 90 ನಂಬರಿನ ಇಪಿ (ಹೆಚ್ಚು ಒತ್ತಡ ತಾಳುವ) ಗೇರ್ ಆಯಿಲ್ ಹೇಳಿರುತ್ತಾರೆ, ನಿಮ್ಮ ಯಂತ್ರದ ಕೈಪಿಡಿಯಲ್ಲಿ ಬೇರೆ ಇದ್ದರೆ ಅದೇ ಸರಿ. ಬೆರಳಿಗೆ ಹತ್ತಿದ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕಿದ್ದರೆ ನೀರು ಸೇರಿದೆ. ಪೂರ್ತಿ ಬಸಿದು ಹೊಸದು ಹಾಕಿ. ಬಸಿದದ್ದನ್ನು ತಟ್ಟೆಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ ನೋಡಿ. ಸಣ್ಣ ಮಿನುಗು ಪುಡಿ ಸವೆತದ್ದು, ಅದು ಇದ್ದದ್ದೇ. ಚೂರುಗಳು ಸಿಕ್ಕರೆ ಮಾತ್ರ ಗೇರ್ ಹಲ್ಲು ಮುಕ್ಕಾಗಿದೆ, ಗೇರ್‌ಬಾಕ್ಸ್ ಬಿಚ್ಚಿಸಲೇಬೇಕು.

ಎಣ್ಣೆ ಕಡಿಮೆಯಿದ್ದರೆ ತುಂಬಿ ಸುಮ್ಮನಾಗಬೇಡಿ, ಹೋದದ್ದೆಲ್ಲಿ ಎಂದು ಹುಡುಕಿ. ಬಹುತೇಕ ಸಲ ಕೆಳಗಿನ ಆಯಿಲ್ ಸೀಲೇ (ಶಾಫ್ಟಿನ ಸುತ್ತ ಎಣ್ಣೆ ತಡೆಯುವ ರಬ್ಬರ್ ಬಳೆ) ಕಾರಣ. ಬ್ಲೇಡಿನ ಬಾರ್ ಕೂಡುವ ಕಡೆ ಶಾಫ್ಟಿನ ಸುತ್ತ ಇಣುಕಿ ನೋಡಿ. ಬೇಲಿ ತಂತಿ, ಹನಿ ನೀರಾವರಿಯ ಪೈಪು, ಹಂದಿ ಬಾರದಿರಲೆಂದು ಹೊಲದ ಸುತ್ತ ಕಟ್ಟಿದ ಹಳೇ ಸೀರೆ, ಎಲ್ಲ ಅಲ್ಲಿ ಸುತ್ತಿಕೊಂಡಿರುತ್ತದೆ. ಸುತ್ತಿದ್ದು ಬಿಗಿಯಾಗುತ್ತಾ ಹೋಗಿ ಸೀಲಿನ ತುಟಿ ಕೊಯ್ಯುತ್ತದೆ. ಚಾಕುವಿನಿಂದ ಕತ್ತರಿಸಿ ಬಿಡಿಸಿ. ಈ ಕೆಲಸ ವರ್ಷಕ್ಕೊಮ್ಮೆ ಸಾಲದು, ತೋಟದಿಂದ ಹೊರಬಂದಾಗಲೆಲ್ಲ ಮಾಡಬೇಕು.

ಸೀಲ್ ಬದಲಿಸುವುದಾದರೆ ಹಳೆಯದರ ಮೇಲೆ ಅಚ್ಚಾದ ಅಳತೆ ಬರೆದುಕೊಂಡು ಅಂಗಡಿಗೆ ಹೋಗಿ. ಹೊಸ ಸೀಲ್ ಕೂರಿಸುವ ಮುಂಚೆ ಶಾಫ್ಟ್ ಸವರಿ ನೋಡಿ. ಸೀಲ್ ಉಜ್ಜಿದ ಜಾಗದಲ್ಲಿ ಗೀರು ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ. ಅಂಥ ಶಾಫ್ಟನ್ನು ಲೇತ್ ಅಂಗಡಿಗೆ ಒಯ್ಯಬೇಕು. ಸೀಲಿಗೂ ಮುಂಚೆ ಗೇರ್‌ಬಾಕ್ಸಿನ ನೆತ್ತಿಯ ಗಾಳಿ ತೂತು ಕಟ್ಟಿದೆಯೇ ನೋಡಿಕೊಳ್ಳಿ. ಅದು ಮಣ್ಣಿನಿಂದ ಮುಚ್ಚಿದರೆ ಬಿಸಿಗೆ ಒಳಗೆ ಒತ್ತಡ ಏರಿ ಎಣ್ಣೆ ಒಳ್ಳೆಯ ಸೀಲನ್ನೂ ದಾಟಿ ಬರುತ್ತದೆ.

ಸೋರುತ್ತದೆಂದು ಗೇರ್‌ಬಾಕ್ಸಿನೊಳಗೆ ಮಾಮೂಲಿ ಚಾಸಿ ಗ್ರೀಸ್ ತುರುಕುವ ಉಪಾಯ ಊರೂರಲ್ಲಿ ಇದೆ. ಗೇರ್ ತಿರುಗುವಾಗ ಆ ಗ್ರೀಸ್ ಪಕ್ಕಕ್ಕೆ ಸರಿದು ಅಲ್ಲೇ ಗೋಡೆ ಕಟ್ಟಿ ನಿಲ್ಲುತ್ತದೆ, ಹಲ್ಲಿನ ಮೇಲೆ ಮರಳಿ ಹರಿಯುವುದಿಲ್ಲ. ಗೇರ್ ಒಣಗಿ ಸುಡುತ್ತದೆ.

ಪಿಟಿಒ ಶಾಫ್ಟ್, ಶಿಯರ್ ಬೋಲ್ಟ್, ಕ್ಲಚ್

ಶಾಫ್ಟಿನ ಎರಡೂ ತುದಿಯಲ್ಲಿ ಮಡಚುವ ಕೀಲಾಗಿರುವ ಕ್ರಾಸ್‌ಗಳನ್ನು ಕೈಯಲ್ಲಿ ಹಿಡಿದು ತಿರುಚಿ. ಕಟಕಟ ಎಂದರೆ ಸೂಜಿ ಬೇರಿಂಗ್ ಹೋಗಿದೆ. ಗಟ್ಟಿ ಇದ್ದರೆ ಗ್ರೀಸ್ ಗನ್ನಿನಿಂದ ಹೊಸ ಗ್ರೀಸ್ ಹೊರಬರುವವರೆಗೆ ಕೊಡಿ. ಹಂಗಾಮಿನಲ್ಲಿ ದಿನದ ಕೆಲಸ ಶುರು ಮಾಡುವ ಮೊದಲು ಇದೊಂದು ರೂಢಿಯಾಗಲಿ. ಒಂದರೊಳಗೊಂದು ಜಾರುವ ಕೊಳವೆಗಳನ್ನು ಪೂರ್ತಿ ಎಳೆದು ಒರೆಸಿ, ಗ್ರೀಸ್ ಹಚ್ಚಿ ಮತ್ತೆ ಸೇರಿಸಿ. ಸೇರಿಸುವಾಗ ಕ್ರಾಸ್ ಹಿಡಿದಿರುವ, ಕೊಳವೆಗಳ ಎರಡೂ ತುದಿಯ ಕವಲುಗಳು ಒಂದೇ ಸಾಲಿಗಿರಬೇಕು. ಅಡ್ಡ ಬಿದ್ದರೆ ಎಷ್ಟು ಬ್ಲೇಡ್ ತೂಗಿದರೂ ನಡುಕ ಹೋಗುವುದಿಲ್ಲ.

ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರದಿಂದಲೋ ನೆಂಟರಿಂದಲೋ ಯಂತ್ರ ತಂದವರು ಶಾಫ್ಟಿನ ಉದ್ದ ನೋಡಲೇಬೇಕು. ಒಂದು ಟ್ರ್ಯಾಕ್ಟರಿಗೆ ಹೊಂದಿದ್ದು ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ. ಎಂಜಿನ್ ಆರಿಸಿಟ್ಟು, ಯಂತ್ರವನ್ನು ಬೇರೆ ಬೇರೆ ಎತ್ತರದಲ್ಲಿ ನಿಲ್ಲಿಸಿ ಅಳೆಯಿರಿ. ಶಾಫ್ಟ್ ಅತಿ ಗಿಡ್ಡವಾಗುವ ಕಡೆಯೂ ಒಂದೆರಡು ಇಂಚು ಜಾರಲು ಜಾಗ ಉಳಿದಿರಬೇಕು, ಇಲ್ಲದಿದ್ದರೆ ತುದಿ ತಾಗಿ ಪಿಟಿಒ ಬೇರಿಂಗ್ ಒಡೆಯುತ್ತದೆ. ಅತಿ ಉದ್ದವಾಗುವ ಕಡೆ ಕೊಳವೆಗಳು ಮೂರನೇ ಒಂದು ಭಾಗವಾದರೂ ಒಂದರೊಳಗೊಂದು ಇರಬೇಕು.

ಶಾಫ್ಟಿನ ಪ್ಲಾಸ್ಟಿಕ್ ಹೊದಿಕೆ ಒಡೆದಿದ್ದರೆ ಕಿತ್ತೆಸೆಯದೆ ಹೊಸದು ಹಾಕಿಸಿ. ಪಿಟಿಒ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಪಂಚೆಯ ತುದಿಯೋ ಹೆಗಲ ಟವೆಲ್ಲೋ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಶಿಯರ್ ಬೋಲ್ಟ್ ಪದೇ ಪದೇ ತುಂಡಾಗುತ್ತದೆಂದು ರೇಗಿ ಸುಲಭಕ್ಕೆ ಮುರಿಯದ ಹೈಟೆನ್ಸೈಲ್ ಬೋಲ್ಟ್ ಹಾಕಿಬಿಡುತ್ತಾರೆ. ಕೈಪಿಡಿ ಹೇಳಿದ ಅಳತೆ, ಹೇಳಿದ ಗ್ರೇಡಿನದೇ ಹಾಕಿ. ಹತ್ತಿಪ್ಪತ್ತು ಬೋಲ್ಟ್ ಟೂಲ್ ಬಾಕ್ಸಿನಲ್ಲಿ ಇರಲಿ. ಮತ್ತೆ ಮತ್ತೆ ಮುರಿದರೆ ಕಾರಣ ಬೇರೆ ಕಡೆ ಹುಡುಕಿ: ತೀರಾ ತಗ್ಗಿಸಿ ಓಡಿಸುತ್ತಿದ್ದೀರಾ, ಪೂರ್ತಿ ವೇಗದಲ್ಲಿದ್ದಾಗ ಪಿಟಿಒ ದಬಕ್ಕನೆ ಹಾಕುತ್ತಿದ್ದೀರಾ, ಬೋಲ್ಟಿನ ತೂತು ಉದ್ದಕ್ಕೆ ಸವೆದಿದೆಯಾ.

ಬೋಲ್ಟಿನ ಬದಲು ಸ್ಲಿಪ್ ಕ್ಲಚ್ ಇರುವ ಯಂತ್ರಗಳಲ್ಲಿ ತೊಂದರೆ ಇನ್ನೊಂದು ಬಗೆಯದು. ತಿಂಗಳುಗಟ್ಟಲೆ ನಿಂತಾಗ ಪ್ಲೇಟುಗಳು ತುಕ್ಕಿಗೆ ಅಂಟಿ, ಕ್ಲಚ್ ಇದ್ದೂ ಇಲ್ಲದಂತಾಗುತ್ತದೆ. ಮೊದಲು ಸ್ಪ್ರಿಂಗುಗಳ ಉದ್ದ ಅಳೆದು ಬರೆದಿಟ್ಟುಕೊಳ್ಳಿ. ಪ್ಲೇಟುಗಳ ಅಂಚಿನ ಮೇಲೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆಯಿರಿ. ನಟ್‌ಗಳನ್ನು ಒಂದೆರಡು ಸುತ್ತು ಸಡಿಲಿಸಿ, ಯಾರೂ ಹತ್ತಿರವಿಲ್ಲದಂತೆ ನೋಡಿಕೊಂಡು, ಎಂಜಿನ್ ನಿಧಾನದಲ್ಲಿಟ್ಟು ಎರಡು ಮೂರು ಸೆಕೆಂಡ್ ಪಿಟಿಒ ಹಾಕಿ ತೆಗೆಯಿರಿ. ಎಲ್ಲ ನಿಂತ ಮೇಲೆ ಗೆರೆ ನೋಡಿ. ತುಂಡಾಗಿ ಆಚೀಚೆ ಸರಿದಿದ್ದರೆ ಪ್ಲೇಟ್ ಬಿಟ್ಟಿದೆ, ನಟ್‌ಗಳನ್ನು ಬರೆದಿಟ್ಟ ಅಳತೆಗೇ ಬಿಗಿಯಿರಿ. ಗೆರೆ ನೆಟ್ಟಗೇ ಇದ್ದರೆ ಕ್ಲಚ್ ಬಿಚ್ಚಿ ಪ್ಲೇಟುಗಳ ತುಕ್ಕು ಉಜ್ಜಬೇಕು.

ಚಕ್ರಕ್ಕೂ ಪಿಟಿಒಗೂ ಒಂದೇ ಕ್ಲಚ್ ಇರುವ ಹಳೆಯ ಟ್ರ್ಯಾಕ್ಟರಿನವರಿಗೆ ಒಂದು ಎಚ್ಚರಿಕೆ. ಕ್ಲಚ್ ಒತ್ತಿದರೂ ತಿರುಗುವ ಬ್ಲೇಡಿನ ರಭಸ ಗಾಡಿಯನ್ನು ಮುಂದಕ್ಕೆ ನೂಕುತ್ತದೆ. ಬಾವಿಕಟ್ಟೆ, ಕಾಲುವೆ ಬದಿಯಲ್ಲಿ ಇದು ಪ್ರಾಣಕ್ಕೇ ಬರಬಹುದು. ಓವರ್‌ರನ್ನಿಂಗ್ ಕ್ಲಚ್ ಎಂಬ ಜೋಡಣೆಯನ್ನು ಪಿಟಿಒ ತುದಿಗೆ ಹಾಕಿಸಿದರೆ ಆ ಕಾಟ ತಪ್ಪುತ್ತದೆ.

ಹೊದಿಕೆಯ ವೆಲ್ಡಿಂಗ್

ಟ್ರ್ಯಾಕ್ಟರಿನ ಲಿಂಕ್ (ಯಂತ್ರ ಕಟ್ಟುವ ತೋಳು) ಕೂಡುವ ಕಡೆ, ಗೇರ್‌ಬಾಕ್ಸ್ ಕೂತ ಕಡೆ ಕೂದಲೆಳೆಯ ಬಿರುಕು ಹುಡುಕಿ. ವೆಲ್ಡಿಂಗ್ ಮಾಡಿಸುವಾಗ ಯಂತ್ರವನ್ನು ಟ್ರ್ಯಾಕ್ಟರಿನಿಂದ ಬಿಚ್ಚಿ; ಆಗದಿದ್ದರೆ ಬ್ಯಾಟರಿಯ ತಂತಿಯನ್ನಾದರೂ ತೆಗೆಯಿರಿ. ಅರ್ಥಿಂಗ್ ಕ್ಲಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಾಕಲು ವೆಲ್ಡರ್‌ಗೆ ಹೇಳಿ. ದೂರ ಹಾಕಿದರೆ ಕರೆಂಟು ಬೇರಿಂಗಿನ ಮೂಲಕ ಹಾದು ಗುಂಡುಗಳ ಮೇಲೆ ಚುಕ್ಕೆ ಬೀಳುತ್ತದೆ. ಮುಂದೆ ಹಿಂದೆ ಇಳಿಬಿಟ್ಟ ಸರಪಳಿಗಳು ಕಲ್ಲು ಸಿಡಿಯದಂತೆ ತಡೆಯುವುದಕ್ಕೆ ಇರುವುದು, ಉದುರಿದ್ದರೆ ಮತ್ತೆ ಕಟ್ಟಿ.

ತೋಟಕ್ಕೆ ಇಳಿಸುವಾಗ

ಟಾಪ್ ಲಿಂಕ್ (ಯಂತ್ರವನ್ನು ಟ್ರ್ಯಾಕ್ಟರಿಗೆ ಕಟ್ಟುವ ಮೇಲಿನ ತೋಳು) ತಿರುಗಿಸಿ ಸ್ಲ್ಯಾಷರಿನ ಮುಂಭಾಗ ಹಿಂಭಾಗಕ್ಕಿಂತ ಅರ್ಧದಿಂದ ಒಂದು ಇಂಚು ತಗ್ಗಿರುವಂತೆ ಮಾಡಿ. ಹಿಂಭಾಗ ತಗ್ಗಿದ್ದರೆ ಒಮ್ಮೆ ಕತ್ತರಿಸಿದ್ದನ್ನೇ ಮತ್ತೆ ಕೊಚ್ಚುತ್ತಾ ಎಂಜಿನ್ ಏದುಸಿರು ಬಿಡುತ್ತದೆ. ಎಂಜಿನ್ ನಿಧಾನದಲ್ಲಿದ್ದಾಗ ಪಿಟಿಒ ಹಾಕಿ, ಆಮೇಲೆ ವೇಗ ಏರಿಸಿ. ನಡುಕವೋ ಹೊಸ ಸದ್ದೋ ಕೇಳಿದರೆ ಇನ್ನೊಂದು ಸಾಲು ಮುಗಿಸಿ ನೋಡೋಣ ಎನ್ನದೆ ಅಲ್ಲೇ ನಿಲ್ಲಿಸಿ. ಅರ್ಧ ಗಂಟೆ ಓಡಿಸಿದ ಮೇಲೆ ಒಮ್ಮೆ ಎಂಜಿನ್ ಆರಿಸಿ ಬ್ಲೇಡ್ ಬೋಲ್ಟ್, ಗೇರ್‌ಬಾಕ್ಸಿನ ನಾಲ್ಕು ಬೋಲ್ಟ್‌ಗಳನ್ನು ಮತ್ತೆ ಬಿಗಿದು ನೋಡಿ. ಹೊಸ ಬೋಲ್ಟ್ ಮೊದಲ ಓಟದಲ್ಲಿ ಸ್ವಲ್ಪ ಸಡಿಲಾಗುವುದು ಸಾಮಾನ್ಯ.